ನೌಕರಿ, ಪ್ರಯಾಣ, ಸಂಸಾರದ ನಡುವೆ ಟ್ರಯಥ್ಲಾನ್: ಫಾರ್ವರ್ಡ್ ಸಂದೇಶಗಳು ಹೇಳದ ಲೆಕ್ಕ

ಮಲಪನಗುಡಿಯ ಓದುಗರೊಬ್ಬರು ಈಚೆಗೆ ನಮಗೆ ಎರಡು ಫಾರ್ವರ್ಡ್‌ಗಳನ್ನು ಕಳುಹಿಸಿ, "ಇದರಲ್ಲಿ ಯಾವುದು ನಿಜ?" ಎಂದು ಕೇಳಿದರು. ಎರಡೂ ಅವರ ಮನೆಯವರ ಒಂದೇ ವಾಟ್ಸಾಪ್ ಗುಂಪಿಗೆ, ಒಂದೇ ವಾರದಲ್ಲಿ ಬಂದಿದ್ದವು. ಮೊದಲನೆಯದನ್ನು ಹಾಕಿದ್ದು ಬೆಂಗಳೂರಿನಲ್ಲಿರುವ ತಮ್ಮ: "ಮನಸ್ಸಿದ್ದರೆ 90 ದಿನ ಸಾಕು, ಯಾರು ಬೇಕಾದರೂ ಐರನ್‌ಮ್ಯಾನ್ ಆಗಬಹುದು. ನಾಲ್ಕು ತಾಸು ನಿದ್ದೆ ಸಾಕು. ಟೈಮ್ ಇಲ್ಲ ಅನ್ನೋದು ಸೋಮಾರಿಗಳ ಮಾತು." ಎರಡನೆಯದು ಮಾವನವರದ್ದು: "40 ದಾಟಿದ ಮೇಲೆ ಓಡಬೇಡಿ. ಹೃದಯಕ್ಕೆ ದೇವರು ಕೊಟ್ಟ ಬಡಿತ ಇಷ್ಟೇ ಅಂತ ಲೆಕ್ಕ ಇದೆ, ಅದನ್ನು ಬೇಗ ಖರ್ಚು ಮಾಡಬೇಡಿ."

ಕೇಳಿದವರಿಗೆ 41 ವರ್ಷ. ತೋರಣಗಲ್ಲು ಕಡೆ ಶಿಫ್ಟ್ ಕೆಲಸ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೆಳಿಗ್ಗೆ ಹಂಪಿ ಕಡೆ ಸೈಕಲ್ ಹೊಡೆಯುವವರನ್ನು ನೋಡಿ ನೋಡಿ ಅವರಿಗೂ ಆಸೆ ಹುಟ್ಟಿದೆ. ತಮ್ಮನ ಮಾತು ಕೇಳಬೇಕೋ, ಮಾವನ ಮಾತು ಕೇಳಬೇಕೋ?

ನಮ್ಮ ಉತ್ತರ: ಎರಡೂ ಸಂದೇಶ ತಪ್ಪು. ಆದರೆ ಎರಡರಲ್ಲೂ ಒಂದೊಂದು ನಿಜವಾದ ಪ್ರಶ್ನೆ ಅಡಗಿದೆ.

ಐರನ್‌ಮ್ಯಾನ್ ಅಂದರೆ ಎಷ್ಟು ದೂರ?

ಈಜು, ಸೈಕಲ್, ಓಟ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದೇ ಸ್ಪರ್ಧೆಯಲ್ಲಿ ಮುಗಿಸುವುದು ಟ್ರಯಥ್ಲಾನ್. ಮೊದಲ ಐರನ್‌ಮ್ಯಾನ್ ನಡೆದದ್ದು 1978ರಲ್ಲಿ, ಹವಾಯಿ ದ್ವೀಪದಲ್ಲಿ. ಅಂದು ಹೊರಟವರು 15 ಜನ, ಮುಗಿಸಿದವರು 12. ಪೂರ್ತಿ ಐರನ್‌ಮ್ಯಾನ್‌ನಲ್ಲಿ ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ ಇರುತ್ತದೆ. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು.

ಫಾರ್ವರ್ಡ್‌ಗಳಲ್ಲಿ ಆಗುವ ಗೊಂದಲ ಇಲ್ಲೇ. "ಐರನ್‌ಮ್ಯಾನ್ 70.3" ಎಂಬುದು ಅದರ ಅರ್ಧ. 70.3 ಎಂದರೆ ಮೈಲಿ, ನಮ್ಮ ಲೆಕ್ಕದಲ್ಲಿ 113 ಕಿ.ಮೀ. 2019ರಿಂದ ಗೋವಾದ ಪಣಜಿಯಲ್ಲಿ ನಡೆಯುತ್ತಿರುವುದು ಇದೇ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಮುಗಿಸಿದ್ದೂ ಇದನ್ನೇ. ಅವರಿಗೆ ಹಿಡಿದದ್ದು 8 ಗಂಟೆ 27 ನಿಮಿಷ. ಈ ಸ್ಪರ್ಧೆಗೆ ಸಾಮಾನ್ಯವಾಗಿ ಇರುವ ಮಿತಿ 8 ಗಂಟೆ 30 ನಿಮಿಷ. ಆ ಸುದ್ದಿ ಬಂದ ಮೇಲೆ "ಅವರಿಗೇ ಟೈಮ್ ಸಿಗುತ್ತೆ, ನಿಮಗೆ ಯಾಕಿಲ್ಲ" ಎಂಬ ಧಾಟಿಯ ಪೋಸ್ಟ್‌ಗಳು ಸುಲಭವಾಗಿ ಹುಟ್ಟುತ್ತವೆ. ನಟ ಮಿಲಿಂದ್ ಸೋಮನ್ 2015ರಲ್ಲಿ ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದಾಗ ಅವರಿಗೆ 49 ವರ್ಷ. ಅವರು ಚಿಕ್ಕ ವಯಸ್ಸಿನಲ್ಲಿ ರಾಷ್ಟ್ರಮಟ್ಟದ ಈಜುಗಾರ ಆಗಿದ್ದವರು ಎಂಬ ಸಾಲು ಫಾರ್ವರ್ಡ್‌ನಲ್ಲಿ ಬಿಟ್ಟುಹೋದರೆ ಇಡೀ ಕಥೆಯ ಅರ್ಥವೇ ಬದಲಾಗುತ್ತದೆ.

ಇವೆರಡಕ್ಕಿಂತ ಕೆಳಗೆ ಇನ್ನೂ ಚಿಕ್ಕ ಸ್ಪರ್ಧೆಗಳಿವೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್ ಟ್ರಯಥ್ಲಾನ್ ಹೊಸಬರಿಗೆ ಇರುವ ಬಾಗಿಲು. ಇದಕ್ಕೆ ವಾರಕ್ಕೆ ಐದಾರು ತಾಸಿನ ಅಭ್ಯಾಸದಿಂದ ತಯಾರಾಗುವವರಿದ್ದಾರೆ. 70.3ಕ್ಕೆ ಎಂಟು-ಹತ್ತು ತಾಸು, ಕೊನೆಯ ತಿಂಗಳುಗಳಲ್ಲಿ ಅದಕ್ಕೂ ಹೆಚ್ಚು ಬೇಕಾಗುತ್ತದೆ.

ವಾರದ 168 ತಾಸು

"ಟೈಮ್ ಇಲ್ಲ" ಎಂಬುದು ಸೋಮಾರಿಗಳ ಮಾತೇ? ಲೆಕ್ಕ ಹಾಕಿ ನೋಡಿದೆವು. ವಾರಕ್ಕೆ 168 ತಾಸು. ಆರು ದಿನ ಎಂಟು ತಾಸಿನ ಶಿಫ್ಟ್ ಅಂದರೆ 48. ಮಲಪನಗುಡಿ ಕಡೆಯಿಂದ ತೋರಣಗಲ್ಲಿಗೆ ಹೋಗಿಬರಲು ದಿನಕ್ಕೆ ಒಂದೂವರೆ ತಾಸು ಹಿಡಿದರೆ 9. ದಿನಕ್ಕೆ ಏಳು ತಾಸು ನಿದ್ದೆ, 49. ಒಟ್ಟು 106 ಕಳೆದರೆ ಉಳಿಯುವುದು 62 ತಾಸು. ಅದರಲ್ಲಿ ಎಂಟು ತಾಸು ತೆಗೆಯುವುದು ಕಾಗದದ ಮೇಲೆ ಏನೇನೂ ಅಲ್ಲ.

ಆದರೆ ಈ 62 ತಾಸು ಒಟ್ಟಿಗೆ ಸಿಗುವುದಿಲ್ಲ. ಫಸ್ಟ್ ಶಿಫ್ಟ್ ಇದ್ದ ವಾರ ಬೆಳಗಿನ ಜಾವ ಕೈಗೆ ಸಿಗುವುದಿಲ್ಲ, ಸೆಕೆಂಡ್ ಶಿಫ್ಟ್ ವಾರ ಮಕ್ಕಳ ಮುಖವೇ ಸಿಗುವುದಿಲ್ಲ, ನೈಟ್ ಶಿಫ್ಟ್ ವಾರ ಹಗಲಿನ ನಿದ್ದೆಗೆ ಓಣಿಯ ಮೈಕ್ ಸೆಟ್ಟೇ ಶತ್ರು. ಸ್ನಾನ, ಊಟ, ರೇಷನ್, ಅಪ್ಪ-ಅಮ್ಮನ ಆಸ್ಪತ್ರೆ, ಮದುವೆ-ಮುಂಜಿ, ಊರ ಜಾತ್ರೆ ಎಲ್ಲವೂ ಇದರಲ್ಲೇ. ಅಂಥವರು ಕೊನೆಗೆ ಕೈ ಹಾಕುವುದು ನಿದ್ದೆಗೆ. "ನಾಲ್ಕು ತಾಸು ಸಾಕು" ಎಂಬ ಸಾಲು ಅಪಾಯಕಾರಿ ಆಗುವುದು ಇಲ್ಲಿ. ವಯಸ್ಕರಿಗೆ ಕನಿಷ್ಠ ಏಳು ತಾಸು ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಸಲಹೆ. ಅಭ್ಯಾಸದಲ್ಲಿ ದಣಿದ ಸ್ನಾಯು ದುರಸ್ತಿ ಆಗುವುದು ವಿಶ್ರಾಂತಿಯಲ್ಲೇ. ನೈಟ್ ಶಿಫ್ಟ್ ಮುಗಿಸಿ ಕಣ್ಣು ಎಳೆಯುತ್ತಿರುವಾಗ ಅದಿರು ಲಾರಿಗಳು ಓಡಾಡುವ ರಸ್ತೆಗೆ ಸೈಕಲ್ ಇಳಿಸುವುದಂತೂ ಬೇಡವೇ ಬೇಡ.

ಇನ್ನೊಂದು ಲೆಕ್ಕವನ್ನು ಫಾರ್ವರ್ಡ್ ಬರೆಯುವವರು ಮುಟ್ಟುವುದೇ ಇಲ್ಲ. ಬೆಳಗಿನ ಐದಕ್ಕೆ ಇವರು ಸೈಕಲ್ ಹತ್ತಿ ಹೋದರೆ ರೊಟ್ಟಿ ಬಡಿಯುವವರು ಯಾರು? ಮಕ್ಕಳಿಗೆ ಡಬ್ಬಿ ಕಟ್ಟಿ ಬಸ್ಸಿಗೆ ಬಿಡುವವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಗಂಡಸಿನ ಎಂಟು ತಾಸಿನ ತರಬೇತಿ ಆಕಾಶದಿಂದ ಇಳಿದು ಬರುವುದಿಲ್ಲ, ಬಹಳ ಮನೆಗಳಲ್ಲಿ ಅದು ಹೆಂಡತಿಯ ದಿನಕ್ಕೆ ಸೇರಿಕೊಳ್ಳುತ್ತದೆ. ಅದೇ ಮನೆಯ ಹೆಂಗಸು "ನಾನೂ ಬೆಳಿಗ್ಗೆ ಓಡಲು ಹೋಗುತ್ತೇನೆ" ಎಂದರೆ ಗುಂಪಿನಲ್ಲಿ ಎಷ್ಟು ಚಪ್ಪಾಳೆ ಇಮೋಜಿ ಬೀಳುತ್ತವೆ ಎಂದು ನೋಡಬೇಕು. ನಾವು ಓದುಗರಿಗೆ ಮೊದಲು ಕೇಳಿದ್ದು ಇದನ್ನೇ: ಮನೆಯಲ್ಲಿ ಕೇಳಿದ್ದೀರಾ? "ಇನ್ನೂ ಇಲ್ಲ" ಎಂದರು.

ಒಂದು ವಾರ ತಪ್ಪಿದರೆ ಎಲ್ಲ ಹೋಯಿತೇ?

ಊರಿಗೆ ಹೋದಾಗ, ಕಂಪನಿ ಕೆಲಸಕ್ಕೆ ಬೇರೆ ಕಡೆ ಹೋದಾಗ ಅಭ್ಯಾಸ ತಪ್ಪುತ್ತದೆ. ಆಗ ಬರುವ ಗಾಬರಿಗೆ ಆಧಾರ ಕಡಿಮೆ. 1981ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಮೆರಿಕನ್ ಅಧ್ಯಯನದಲ್ಲಿ, ವಾರಕ್ಕೆ ಆರು ದಿನ 40 ನಿಮಿಷದಂತೆ ಹತ್ತು ವಾರ ಕಸರತ್ತು ಮಾಡಿದವರು ನಂತರ ಅದನ್ನು ವಾರಕ್ಕೆ ನಾಲ್ಕು ಅಥವಾ ಎರಡು ದಿನಕ್ಕೆ ಇಳಿಸಿದರು. ಜೋರು ಮಾತ್ರ ಮೊದಲಿನಷ್ಟೇ ಇತ್ತು. 15 ವಾರದ ನಂತರವೂ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಉಳಿದುಕೊಂಡಿತ್ತು. ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಸುಲಭ ಎಂದಾಯಿತು.

ಬರೀ ಆರೋಗ್ಯ ಸಾಕು ಎನ್ನುವವರಿಗೆ ಇನ್ನೂ ಸಲೀಸು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಅಥವಾ 75ರಿಂದ 150 ನಿಮಿಷದ ಜೋರು ಚಟುವಟಿಕೆ. ಬ್ರಿಟನ್ನಿನ ಸುಮಾರು 90 ಸಾವಿರ ಜನರ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ ನಡೆಸಿ, 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನೆಲ್ಲ ಒಂದೆರಡು ದಿನದಲ್ಲೇ ಮುಗಿಸುವವರಲ್ಲೂ ಹೃದಯಾಘಾತ, ಪಾರ್ಶ್ವವಾಯು ಅಪಾಯ ದಿನವೂ ಹಂಚಿಕೊಂಡು ಮಾಡುವವರಷ್ಟೇ ಕಡಿಮೆ ಇತ್ತು. ರಜೆಯ ದಿನ ಮಾತ್ರ ಸಿಗುತ್ತದೆ ಎನ್ನುವವರು ಬೇಸರ ಮಾಡಿಕೊಳ್ಳಬೇಕಿಲ್ಲ.

ಮಾವನವರ ಸಂದೇಶ

ಈ ಭಯವನ್ನು ನಗುವಂತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತ್ತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. "ಜಿಮ್ಮೇ ಕಾರಣ" ಎಂಬ ಸಂದೇಶಗಳು ಇಂದಿಗೂ ತಿರುಗುತ್ತಿವೆ. ಆದರೆ ಒಬ್ಬರ ಸಾವಿನಿಂದ ಕಸರತ್ತು ಕೊಲ್ಲುತ್ತದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಹೃದಯ ಬಡಿತದ ಲೆಕ್ಕವನ್ನೇ ತೆಗೆದುಕೊಳ್ಳಿ. ಕಸರತ್ತಿಲ್ಲದವರ ಹೃದಯ ನಿಮಿಷಕ್ಕೆ 72 ಸಲ ಬಡಿದರೆ ದಿನಕ್ಕೆ 1,03,680. ಅಭ್ಯಾಸ ಮಾಡಿ ಅದು 60ಕ್ಕೆ ಇಳಿದಿದೆ ಎನ್ನೋಣ: 23 ತಾಸಿಗೆ 82,800, ಓಡುವ ಒಂದು ತಾಸಿಗೆ 140ರಂತೆ 8,400, ಒಟ್ಟು 91,200. ಬಡಿತಕ್ಕೆ ಕೋಟಾ ಇದೆ ಎಂಬುದೇ ಕಟ್ಟುಕಥೆ. ಇದ್ದರೂ ಓಡುವವರದ್ದೇ ಉಳಿತಾಯ.

ಹಾಗಂತ ಅಪಾಯ ಸೊನ್ನೆಯಲ್ಲ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ 135 ಸಾವು ಮತ್ತು ಹೃದಯ ಸ್ತಂಭನಗಳನ್ನು ಸಂಶೋಧಕರು ಪರಿಶೀಲಿಸಿದರು. ಪ್ರಮಾಣ ಲಕ್ಷ ಸ್ಪರ್ಧಿಗಳಿಗೆ 1.74. ಸರಾಸರಿ ವಯಸ್ಸು ಸುಮಾರು 47, ಶೇ 85 ಗಂಡಸರು. ಅಂದರೆ ನಮ್ಮ ಓದುಗರ ವಯೋಮಾನಕ್ಕೆ ಹತ್ತಿರದವರು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯ ಕಾಯಿಲೆ ಬಂದವರಿದ್ದರೆ, ಬಿಪಿ, ಶುಗರ್, ಸಿಗರೇಟು ಇದ್ದರೆ, ಬಹಳ ವರ್ಷ ಮೈ ಬಗ್ಗಿಸದೆ ಇದ್ದರೆ ಜೋರು ಅಭ್ಯಾಸಕ್ಕೆ ಮುಂಚೆ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಹಿಡಿದಂತಾಗುವುದು, ತಲೆ ತಿರುಗಿ ಬೀಳುವುದು, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕೂರುವುದಲ್ಲ.

ಆ 135ರಲ್ಲಿ 90 ಆಗಿದ್ದು ಈಜಿನಲ್ಲಿ. ಅದೂ ಸ್ಪರ್ಧೆಯ ದಿನವೇ. ಈ ಅಂಕಿಯನ್ನು ನಮ್ಮ ಕಡೆಯವರು ಗಟ್ಟಿಯಾಗಿ ನೆನಪಿಡಬೇಕು. "ಈಜುಕೊಳ ಯಾಕೆ, ಮಗ್ಗುಲಲ್ಲೇ ತುಂಗಭದ್ರೆ, ಕಾಲುವೆ ಇವೆಯಲ್ಲ" ಎಂಬ ಯೋಚನೆ ಸಹಜ. ಆದರೆ ಹಂಪಿ ಸುತ್ತ ಹೊಳೆ ಬಂಡೆಗಳ ನಡುವೆ ಹರಿಯುತ್ತದೆ, ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ, ಮೊಸಳೆಗಳೂ ಇವೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. 2025ರ ಫೆಬ್ರವರಿಯಲ್ಲಿ ಸಣಾಪುರದ ಹತ್ತಿರ ಬಂಡೆಯಿಂದ ಹೊಳೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ನೀರುಪಾಲಾದರು. ಕಾಲುವೆಗಳಲ್ಲಿ ಸೆಳೆತ ಜೋರು, ಇಳಿಜಾರು ದಂಡೆ ಹಿಡಿದು ಮೇಲೆ ಹತ್ತುವುದು ಕಷ್ಟ. ಒಬ್ಬರೇ ಅಭ್ಯಾಸಕ್ಕೆ ಇಳಿಯುವ ಜಾಗ ಇವಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಹೊಸಪೇಟೆ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಓಟ ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. "ಬಾಯಾರಿಕೆ ಇರಲಿ ಬಿಡಲಿ, ನೀರು ಕುಡಿಯುತ್ತಲೇ ಇರಿ" ಎಂಬ ಫಾರ್ವರ್ಡ್ ಕೂಡ ಪೂರ್ತಿ ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13 ಮಂದಿಗೆ ಸೋಡಿಯಂ ಅಂಶ ಕುಸಿದಿತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಬಾಯಾರಿದಾಗ ಕುಡಿಯಿರಿ, ಬಹಳ ಬೆವರಿದ ದಿನ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಇರಲಿ.

ಇಷ್ಟನ್ನು ಬರೆದು ಕಳುಹಿಸಿದಾಗ ಓದುಗರು, "ಹಾಗಾದರೆ ಈಜುಕೊಳ ಸಿಗುವವರೆಗೆ ಕೈಕಟ್ಟಿ ಕೂರಬೇಕಾ?" ಎಂದರು. ಬೇಕಿಲ್ಲ. ಡುಅಥ್ಲಾನ್ ಎಂಬ ಅಧಿಕೃತ ಸ್ಪರ್ಧೆಯೇ ಇದೆ: ಓಟ, ಸೈಕಲ್, ಮತ್ತೆ ಓಟ. ಅದರ ಚಿಕ್ಕ ರೂಪದಲ್ಲಿ 5 ಕಿ.ಮೀ. ಓಟ, 20 ಕಿ.ಮೀ. ಸೈಕಲ್, 2.5 ಕಿ.ಮೀ. ಓಟ. ಮಲಪನಗುಡಿಯಿಂದ ಹಂಪಿಗೆ ಹೋಗಿಬಂದರೆ ಸೈಕಲ್ಲಿನ ಪಾಲು ಹೆಚ್ಚುಕಡಿಮೆ ಮುಗಿಯುತ್ತದೆ. ಹೆಲ್ಮೆಟ್, ಹಿಂದೆ-ಮುಂದೆ ಲೈಟ್ ಇರಲಿ ಎಂದೆವು. ಎರಡು ದಿನ ಬಿಟ್ಟು ಉತ್ತರ ಬಂತು: ಮನೆಯಲ್ಲಿ ಮಾತಾಗಿದೆ, ಮಂಗಳವಾರ-ಗುರುವಾರ ಅವರದ್ದು, ಬುಧವಾರ-ಶನಿವಾರ ಬೆಳಗಿನ ಒಂದು ತಾಸು ಹೆಂಡತಿಯದ್ದು, ಆ ಎರಡು ದಿನ ಡಬ್ಬಿ ಕಟ್ಟುವುದು ಇವರು. ನೈಟ್ ಶಿಫ್ಟ್ ವಾರ ಇಬ್ಬರಿಗೂ ರಜೆ.