ಸೇಮ್ ಟು ಸೇಮ್ ಅಂದ್ರ ಯಾವುದರ ಸೇಮ್?

ಸ್ಪೇರ್ ಪಾರ್ಟ್ ಮಾರೋರಿಗೆ ಫೋನ್ ಮಾಡಿದಾಗೆಲ್ಲಾ ಆ ಕಡಿಂದ ಬರೋ ಮಾತು ಒಂದ: "ಸೇಮ್ ಟು ಸೇಮ್ ಐತ್ರಿ ಅಕ್ಕಾರ, ಕಣ್ಣು ಮುಚ್ಚಿ ಹಾಕ್ರಿ." ಈ ಮಾತು ಕೇಳಿ ಕೇಳಿ ನನಗ ಸಾಕಾಗಿ ಹೋಗೈತಿ. ಯಾವುದರ ಸೇಮ್? ಮಾಡಿದವ್ರು ಯಾರು? ಕೇಳಿದ್ರ ಉತ್ತರ ಬರೂದಿಲ್ಲ, ರೇಟು ಬರ್ತೈತಿ. ಇವತ್ತು ಅದರ ಬಗ್ಗೆನ ಬರೀತೀನಿ. ಅಡಿಗಿ, ಹಬ್ಬ, ಮನಿ ಮಾತು ಓದಾಕ ಬಂದವ್ರು ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಮನ್ಯಾಗ ಒಲಿ ಹತ್ತೂದು ಈ ಪಾರ್ಟುಗಳ ಮ್ಯಾಲನ.

ನಮ್ಮೂರು ಹಾನಗಲ್ ತಾಲೂಕಿನ್ಯಾಗ. ಮನಿ ಮುಂದಿನ ಖೋಲಿನ ನಮ್ಮ ಅಂಗಡಿ. ಹುಲ್ಲು ಕೊಯ್ಯೋ ವೀಡ್ ಕಟ್ಟರ್, ಔಷಧ ಹೊಡಿಯೋ ಪಂಪು, ನೀರೆತ್ತೋ ಸಣ್ಣ ಪೆಟ್ರೋಲ್ ಇಂಜಿನ್, ಕಟಗಿ ಕೊಯ್ಯೋ ಚೈನ್ ಸಾ, ಇವನ್ನ ನಮ್ಮನಿಯವ್ರು ರಿಪೇರಿ ಮಾಡ್ತಾರ. ಬಿಚ್ಚೂದು, ಕೂಡ್ಸೂದು ಅವರ ಕೆಲಸ. ಫೋನು, ಆರ್ಡರು, ಲೆಕ್ಕದ ವಹಿ ನನ್ನ ಕೆಲಸ. ಮಾಲು ಹೆಚ್ಚಿಂದು ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಬರ್ತೈತಿ, ಕೆಲವೊಂದು ಬೆಂಗಳೂರಿಂದ ಕೊರಿಯರಿನ್ಯಾಗ. ಹಿಂಗಾಗಿ ಸಪ್ಲೈಯರ್ ಮಂದಿ ಜೋಡಿ ದಿನಾ ಮಾತಾಡಾಕಿ ನಾನ.

ಮೊದಲ ಒಂದು ಮಾತು ಹೇಳಿಬಿಡ್ತೀನಿ. ತಪ್ಪು ಪಾರ್ಟ್ ಬರೂದಕ್ಕ ಬರೇ ಮಾರೋರಷ್ಟ ಕಾರಣ ಅಲ್ಲ. ಎಷ್ಟೋ ರಿಪೇರಿ ಅಂಗಡಿಯವ್ರು "ಚೈನಾ ಮಷಿನ್ನಿಂದು ಪಿಸ್ಟನ್ ಒಂದು ಕಳಸ್ರಿ" ಅಂತ ಹೇಳಿ ಫೋನ್ ಇಟ್ಟಬಿಡ್ತಾರ. ಆ ಕಡಿಯವ ಏನ್ ಕನಸು ಕಾಣ್ಬೇಕೇನು? ಎಲ್ಲಾ ಮಷಿನ್ ಮ್ಯಾಲನ ಬರದಿರ್ತೈತಿ. 1ಇ40ಎಫ್ ಅಂತ ಇದ್ರ 40 ಮಿಲಿಮೀಟರ್ ಬೋರಿಂದು, ಅಂದ್ರ 43 ಸಿಸಿ. 1ಇ44ಎಫ್ ಇದ್ರ 44ರ ಬೋರು, 52 ಸಿಸಿ. ಫೋರ್ ಸ್ಟ್ರೋಕ್ ಇಂಜಿನ್ನಿನ್ಯಾಗ 168 ಅಂದ್ರ 68ರ ಬೋರು, ಆದ್ರ ಅಷ್ಟ ಹೇಳಿದ್ರ ಸಾಲೂದಿಲ್ಲ. ಹೋಂಡಾದ ಜಿಎಕ್ಸ್160 ಮತ್ತ ಜಿಎಕ್ಸ್200 ಎರಡಕ್ಕೂ ಬೋರು 68, ಸ್ಟ್ರೋಕ್ ಮಾತ್ರ ಒಂದರದ್ದು 45, ಇನ್ನೊಂದರದ್ದು 54. ಪ್ಲಗ್ಗಿಂದೂ ಹಂಗ. ಎನ್‌ಜಿಕೆ ಪ್ಲಗ್ಗಿನ್ಯಾಗ ನಂಬರ್ ಆದ ಮ್ಯಾಲೆ ಎಚ್ ಇದ್ರ ಚೂಡಿ ಉದ್ದ 12.7 ಮಿಲಿಮೀಟರ್, ಇ ಇದ್ರ 19. ಗಿಡ್ಡ ಪ್ಲಗ್ಗಿನ ತೂತಿಗೆ ಉದ್ದಂದು ಕೂಡ್ಸಿದ್ರ ಪಿಸ್ಟನ್ ತಲಿ ಅದಕ್ಕ ಬಡಿಯಬಹುದು. ಅದಕ್ಕ ನಾನು ಹಳೇ ಪಾರ್ಟ್ ಒರಸಿ, ಪಕ್ಕದಾಗ ಸ್ಕೇಲ್ ಇಟ್ಟು ಫೋಟೋ ಹೊಡದು, ಮಷಿನ್ನಿನ ನಂಬರ್ ಚೀಟೀದು ಇನ್ನೊಂದು ಫೋಟೋ ತಗದು ವಾಟ್ಸಾಪಿಗೆ ಹಾಕಿನ ಮಾತು ಶುರು ಮಾಡೂದು. ಕಾರ್ಬೊರೇಟರ್ ಆದ್ರ ಅದರ ಮೈ ಮ್ಯಾಲೆ ಒತ್ತಿದ ಅಕ್ಷರದ್ದೂ ಫೋಟೋ ಬೇಕ ಬೇಕು. ಒಳಗಿನ ಡಯಾಫ್ರಾಮ್ ನೋಡಾಕ ಎಲ್ಲಾ ಒಂದ ಥರ, ತೂತು ಮಾತ್ರ ಬ್ಯಾರೆ ಬ್ಯಾರೆ ಜಾಗಾದಾಗ.

ಇಷ್ಟು ಮಾಡಿದ ಮ್ಯಾಲೂ ಬರೋ ತಕರಾರು ಐತೆಲ್ಲಾ, ಅದರದ್ದ ನನಗ ಸಿಟ್ಟು.

ನಮ್ಮ ಕಡೆ ಒಬ್ಬ ಹುಡುಗ ಅದಾನ. ಸ್ವಂತ ಹೊಲ ಇಲ್ಲ. ಒಂದು ವೀಡ್ ಕಟ್ಟರ್ ಇಟ್ಕೊಂಡು ಮಂದಿ ತೋಟದಾಗ ತಾಸಿನ ಲೆಕ್ಕದ ಮ್ಯಾಲೆ ಹುಲ್ಲು ಕೊಯ್ತಾನ. ಮಳಿ ಹಿಡದ ಮ್ಯಾಲೆ ಎರಡು ತಿಂಗಳು ಅವನ ಸುಗ್ಗಿ. ಹ್ವಾದ ವರ್ಷ ಅವನ ಮಷಿನ್ ಸ್ಟಾರ್ಟ್ ಆದ್ರೂ ದಮ್ಮು ಹಿಡೀವಲ್ದಾಗಿತ್ತು. ಬಿಚ್ಚಿ ನೋಡಿದ್ರ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದ್ವು. ಒಬ್ಬ ಸಪ್ಲೈಯರ್ ಕಡಿಂದ ಕಂಪನಿ ಸೀಲ್ ಅಂತ ಹೇಳಿ, ಕಂಪನಿ ರೇಟು ಕೊಟ್ಟು ತರಿಸಿದ್ವಿ. ಡಬ್ಬಿ ಮ್ಯಾಲೆ ಕಂಪನಿ ಹೆಸರು ಛಂದಾಗಿ ಇತ್ತು. ಒಂಬತ್ತು ದಿನಕ್ಕ ಮಷಿನ್ ಸೀಜ್ ಆಗಿ ಬಂತು.

ಇದು ಹೆಂಗ ಆಗ್ತೈತಿ ಅಂದ್ರ, ಟೂ ಸ್ಟ್ರೋಕ್ ಇಂಜಿನ್ನಿಗೆ ಬ್ಯಾರೆ ಆಯಿಲ್ ಇರೂದಿಲ್ಲ. ಪೆಟ್ರೋಲಿನ್ಯಾಗ ಬೆರಸಿದ ಆಯಿಲ್ಲ ಕ್ರ್ಯಾಂಕಿನ ಮನಿ ಹಾದು ಮ್ಯಾಲೆ ಹೋಗಬೇಕು. ಆ ಮನಿಗೆ ಎರಡೂ ಕಡೆ ಬಾಗಿಲಿದ್ದಂಗ ಈ ಸೀಲ್. ರಬ್ಬರ್ ಬಿರುಸಾಗಿ ಸೀಲ್ ಸಡಿಲಾದ್ರ ಹೊರಗಿನ ಗಾಳಿ ಒಳಗ ಹೊಕ್ಕೈತಿ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ, ಅದರ ಜೋಡಿ ಆಯಿಲ್ಲೂ ಕಡಿಮಿ. ಕಾವು ಏರಿ ಪಿಸ್ಟನ್ ಸಿಲಿಂಡರಿಗೆ ಹಿಡಕೊಂಡು ಗೀರಿ ಹಾಕ್ತೈತಿ. ನೂರು ರೂಪಾಯಿ ಒಳಗಿನ ಸಾಮಾನು, ಸಾವಿರಗಟ್ಟಲೆ ಕೆಲಸ ಎಬ್ಬಿಸ್ತು.

ಸಪ್ಲೈಯರಿಗೆ ಫೋನ್ ಮಾಡಿದ್ರ ಮೊದಲ "ಫಿಟಿಂಗ್ ಸರಿ ಆಗಿಲ್ರಿ" ಅಂದ. ಆಮ್ಯಾಲೆ "ಆಯಿಲ್ ಕಮ್ಮಿ ಹಾಕ್ಯಾರ್ರಿ" ಅಂದ. ತಗದ ಸೀಲ್ ಕೈಯಾಗ ಮುರೀತಿತ್ತು, ಫೋಟೋ ಕಳಿಸಿದೆ. ಕಡೀಕ "ಬಿಲ್ ಕಳಸ್ರಿ ಅಕ್ಕಾರ, ಕಂಪನಿಗೆ ಕೇಳ್ತೀನಿ" ಅಂದ. ಬಿಲ್ ಅಂದ್ರ ಅವನ ಬರದು ಕೊಟ್ಟ ಕಚ್ಚಾ ಚೀಟಿ. ಅದರಾಗ "ಸೀಲ್ 2" ಅಂತಷ್ಟ ಇತ್ತು. ಯಾವ ಸೀಲ್, ಯಾರ ಸೀಲ್, ಒಂದೂ ಇಲ್ಲ. ಪಿಸ್ಟನ್, ಸಿಲಿಂಡರ್ ಎರಡೂ ನಮ್ಮ ಕೈಯಿಂದ ಹಾಕಿ ಕೊಟ್ವಿ, ಯಾಕಂದ್ರ ಆ ಹುಡುಗ ನೋಡಿದ್ದು ನಮ್ಮ ಮಾರಿ, ಹುಬ್ಬಳ್ಳಿಯವಂದಲ್ಲ. ರೊಕ್ಕ ಹ್ವಾದ್ದು ಬಿಡ್ರಿ. ಆರು ದಿನದ ಅವನ ದುಡಿಮಿ ಯಾರು ಕೊಡ್ತಾರ?

ಇದನ್ನ ಹೇಳಿದ ಕೂಡ್ಲೆ ಮಂದಿ ಏನಂತಾರ? "ಅದಕ್ಕ ಡುಪ್ಲಿಕೇಟ್ ಹಾಕಬಾರದು, ಬರೇ ಒರಿಜಿನಲ್ ಹಾಕಬೇಕು." ಈ ಮಾತು ನಾನು ಒಪ್ಪೂದಿಲ್ಲ. ಏಳೆಂಟು ವರ್ಷ ದುಡಿದ ಅಗ್ಗದ ಮಷಿನ್ ತಂದ ರೈತಗ, ಆ ಮಷಿನ್ನಿನ ಅರ್ಧ ಬೆಲಿಯ ಕಾರ್ಬೊರೇಟರ್ ಹಾಕಸ್ಕೋ ಅಂತ ಹೆಂಗ ಹೇಳೂದು? ಅಗ್ಗದ ಪಾರ್ಟಿಗೆ ಅದರದ್ದ ಜಾಗಾ ಐತಿ. ನಮ್ಮ ಅಂಗಡ್ಯಾಗ ಲೆಕ್ಕ ಹಿಂಗ: ಆ ಪಾರ್ಟ್ ಕೆಟ್ರ ತಾನೊಂದ ಕೆಡ್ತೈತೋ, ಮಗ್ಗಲಿಂದನ್ನೂ ಕೆಡಸ್ತೈತೋ? ಸ್ಟಾರ್ಟರ್ ಹಗ್ಗ, ಹಿಡಿಕಿ, ಪೆಟ್ರೋಲ್ ಟಾಕಿ ಮುಚ್ಚಳ, ಬೆಲ್ಟು, ಇವು ಲೋಕಲ್ ಇದ್ರೂ ನಡೀತೈತಿ. ಹಗ್ಗ ಹರದ್ರ ಹಗ್ಗಷ್ಟ ಹ್ವಾತು. ಸೀಲ್, ಬೇರಿಂಗ್, ರಿಂಗ್ ಹಂಗಲ್ಲ. ಏರ್ ಫಿಲ್ಟರನ್ನ ಭಾಳ ಮಂದಿ ಹಗ್ಗದ ಸಾಲಿನ್ಯಾಗ ಇಡ್ತಾರ, ನಾ ಇಡೂದಿಲ್ಲ. ಸ್ಪಂಜು ಸಡಿಲಿದ್ರ ಧೂಳು ನೆಟ್ಟಗ ಪಿಸ್ಟನ್ನಿಗೆ ಹೋಗ್ತೈತಿ. ನೋಡಾಕ ಸ್ಪಂಜಿನ ತುಂಡು, ಮಾಡೂದು ಸೀಲಿನಷ್ಟ ಹಾಳು.

ಅಂದ್ರ ನನ್ನ ಜಗಳ ಅಗ್ಗದ್ದರ ಮ್ಯಾಲೆ ಅಲ್ಲ, ಹೆಸರಿಲ್ಲದ್ದರ ಮ್ಯಾಲೆ. ಅದಕ್ಕಿಂತ ಹೆಚ್ಚು, ಇನ್ನೊಬ್ಬರ ಹೆಸರು ಹಚ್ಕೊಂಡು ಬರೋದರ ಮ್ಯಾಲೆ.

ಕಿರ್ಲೋಸ್ಕರ್ ಎವಿ1 ಡೀಸೆಲ್ ಇಂಜಿನ್ ನಿಮಗ ಗೊತ್ತಿರಬೇಕು, ಐದು ಹಾರ್ಸ್ ಪವರಿಂದು, 80ರ ಬೋರು, 110ರ ಸ್ಟ್ರೋಕು. ನಮ್ಮ ಸೀಮಿ ಬಾವಿ ದಂಡಿಮ್ಯಾಲೆ ತಲಿಮಾರುಗಟ್ಟಲೆ ಡುಗುಡುಗು ಅಂದದ್ದು. ಅದಕ್ಕ ರಿಂಗು, ಲೈನರು ಮಾಡೋ ಮಂದಿ ಎಷ್ಟೋ ಅದಾರ, ರಾಜಕೋಟದಾಗಂತೂ ಡೀಸೆಲ್ ಇಂಜಿನ್ ಪಾರ್ಟ್ ಮಾಡೂದ ಒಂದು ದೊಡ್ಡ ಕಸುಬು. ಅವ್ರು ತಮ್ಮ ಡಬ್ಬಿ ಮ್ಯಾಲೆ ತಮ್ಮ ಹೆಸರು ಹಾಕಿ, "ಎವಿ1ಕ್ಕ ಕೂಡ್ತೈತಿ" ಅಂತ ಬರದು ಮಾರಿದ್ರ ಅದರಾಗ ಏನ್ ತಪ್ಪೈತಿ? ಛಲೋ ಬಂದ್ರ ಮತ್ತ ಅದನ್ನ ಕೇಳಿ ತರಸ್ತೀವಿ, ಕೆಟ್ಟದ್ದು ಬಂದ್ರ ಹೆಸರು ನೆನಪಿಟ್ಟು ಬಿಡ್ತೀವಿ. ಹೆಸರಿದ್ರ ಇಷ್ಟು ಉಪಯೋಗ ಐತಿ. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಾಗ ಬಂದ ಸೀಲಿಗೆ ಯಾರನ್ನ ಬೈಯೂದು, ಯಾರನ್ನ ಹೊಗಳೂದು?

ಕಾಯ್ದೆ ನೋಡಿದ್ರ ಎಲ್ಲಾ ಐತ್ರಿ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಡಬ್ಬಿ ಮ್ಯಾಲೆ ಮಾಡಿದವರದ್ದೋ, ಪ್ಯಾಕ್ ಮಾಡಿದವರದ್ದೋ, ಹೊರದೇಶದಿಂದ ತರಿಸಿದವರದ್ದೋ ಹೆಸರು ವಿಳಾಸ ಇರಬೇಕು. ಎಂಆರ್‌ಪಿ, ತಿಂಗಳು, ವರ್ಷ, ದೂರು ಹೇಳಾಕ ಒಂದು ನಂಬರ್ ಇರಬೇಕು. ಹೊರಗಿಂದ ಬಂದದ್ದಾದ್ರ ಯಾವ ದೇಶದ್ದು ಅಂತನೂ ಇರಬೇಕು. ಹಂಗ 1999ರ ಟ್ರೇಡ್ ಮಾರ್ಕ್ ಕಾಯ್ದೆದಾಗ ಖೊಟ್ಟಿ ಹೆಸರಿನ ಮಾಲು ಮಾಡಿದವಗಷ್ಟ ಅಲ್ಲ, ಮಾರಿದವಗೂ 6 ತಿಂಗಳಿಂದ 3 ವರ್ಷದ ತನಕ ಜೈಲು ಐತಿ. ಮಾರಿದವ ಅಂದ್ರ ಹುಬ್ಬಳ್ಳಿ ಸಾವ್ಕಾರ ಒಬ್ಬನ ಅಲ್ಲ, ಮಷಿನ್ನಿಗೆ ಹಾಕಿ ರೊಕ್ಕ ತಗೊಂಡ ನಮ್ಮಂಥವ್ರೂ ಆ ಸಾಲಿನ್ಯಾಗ ಬರ್ತೀವಿ. ಗೊತ್ತಿಲ್ದ ತಂದೀವಿ, ಇಂಥವರ ಕಡಿಂದ ತಂದೀವಿ ಅಂತ ತೋರಸಾಕ ಕೈಯಾಗ ಪಕ್ಕಾ ಬಿಲ್ ಬೇಕು. "ಬಿಲ್ ಬೇಕಂದ್ರ ಜಿಎಸ್‌ಟಿ ಹತ್ತತೈತ್ರಿ ಅಕ್ಕಾರ, ಬ್ಯಾಡಂದ್ರ ರೇಟು ಕಡಿಮಿ" ಅಂತ ಅವ್ರು ಹೇಳೂದು ನಮ್ಮ ಉಳಿತಾಯಕ್ಕ ಅಂತ ತಿಳಕೊಂಡವ್ರು ಭಾಳ ಮಂದಿ. ಅದು ಉಳಿತಾಯ ಅಲ್ಲ. ಮಾಲು ವಾಪಸ್ ಕೊಡೋ ಹಕ್ಕನ್ನ ನಾವ ರೊಕ್ಕ ಕೊಟ್ಟು ಬಿಟ್ಟುಕೊಟ್ಟಂಗ.

ಹಂಗಾರ ಯಾಕ ಯಾರೂ ಗಟ್ಟಿಯಾಗಿ ಕೇಳೂದಿಲ್ಲ? ಉದ್ರಿ! ಸಣ್ಣ ಅಂಗಡಿ ನಡಿಯೂದ ಸಪ್ಲೈಯರ್ ಕೊಡೋ ಉದ್ರಿ ಮ್ಯಾಲೆ. ರೈತ ನಮಗ ಪೀಕು ಬಂದ ಮ್ಯಾಲೆ ಕೊಡ್ತಾನ, ನಾವು ಅವರಿಗೆ ರೈತ ಕೊಟ್ಟ ಮ್ಯಾಲೆ ಕೊಡ್ತೀವಿ. ಮೂವತ್ತು ನಲವತ್ತು ಸಾವಿರ ಬಾಕಿ ಇಟ್ಕೊಂಡವ "ನಿನ್ನ ಸೀಲ್ ಖೊಟ್ಟಿ ಐತಿ" ಅಂತ ಹೇಳಾಕ ಬಾಯಿ ತಗದ್ರ "ಮೊದಲ ಹಳೇ ಲೆಕ್ಕ ಚುಕ್ತಾ ಮಾಡ್ರಿ" ಅಂತ ಉತ್ತರ ಬರ್ತೈತಿ. ಅದಕ್ಕ ನಾನು ಮನ್ಯಾಗ ಹಟ ಮಾಡಿ ಒಂದು ಪದ್ಧತಿ ಹಾಕೀನಿ. ಯಾರದ್ದೂ ಬಾಕಿ ಐದು ಸಾವಿರ ದಾಟಬಾರದು, ಸೀಲು ಬೇರಿಂಗು ರೋಕ್ ಕೊಟ್ಟ ತರಬೇಕು. ಬಂಗಾರ ಅಡವಿಟ್ಟು ಹಳೇ ಬಾಕಿ ತೀರಿಸಿದ್ದು ನಮ್ಮತ್ತಿಗೆ ಸೇರಿಲ್ಲ. "ಯಾಪಾರದಾಗ ಉದ್ರಿ ಇರೂದ" ಅಂತಾರ. ಇರ್ಲಿ, ಆದ್ರ ಆ ದಿನದಿಂದ ನಾನು ಫೋನಿನ್ಯಾಗ ಮಾತಾಡೋ ದನಿ ಬ್ಯಾರೆ ಆಗೈತಿ.

ಮಾರೋರ ಕಡೆಯಿಂದನೂ ಒಂದು ಮಾತು ಹೇಳಬೇಕು. "ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿರ್ತಾರಲ್ಲ, ಅದು ನ್ಯಾಯದ್ದ. ಕಾಯಿಲ್ ಹೋಗೈತೋ ಇಲ್ಲೋ ನೋಡಾಕ ಹೊಸಾದು ತಂದು ಹಾಕಿ, ಸ್ಟಾರ್ಟ್ ಆಗಲಿಲ್ಲಂದ್ರ ಒರಸಿ ವಾಪಸ್ ಒಯ್ಯೋ ಮೆಕ್ಯಾನಿಕ್ ಮಂದಿ ನಮ್ಮಾಗೂ ಅದಾರ. ಎಣ್ಣಿ ಹತ್ತಿದ ಡಬ್ಬಿ ಯಾರು ತಗೋತಾರ? ಹಂಗ ಹುಬ್ಬಳ್ಳಿಯೊಳಗ ಒಬ್ರು ವಯಸ್ಸಾದ ಸಾವ್ಕಾರ್ರು ಅದಾರ, "ಇದು ಬ್ಯಾಡವಾ, ನಾಲ್ಕು ತಿಂಗಳು ಬಾಳೂದಿಲ್ಲ, ಸೋಮವಾರ ತನಕ ತಡಿ" ಅಂತ ತಾವ ಹೇಳಿ ಮಾರೂದು ಬಿಡ್ತಾರ. ಅಂಥವ್ರ ಕಡೆ ಎರಡು ರೂಪಾಯಿ ಹೆಚ್ಚಾದ್ರೂ ನಾ ಚೌಕಾಸಿ ಮಾಡೂದಿಲ್ಲ.

ಇನ್ನ ಕಂಪನಿಯವ್ರು. ಒರಿಜಿನಲ್ ಹಾಕ್ರಿ ಅಂತ ಎಲ್ಲಾರಿಗೂ ಹೇಳ್ತಾರ, ಹಾಕಾಕ ಹ್ವಾದ್ರ ಕೊಡೂದಿಲ್ಲ. ಒಂದು ಕಂಪನಿ ಡೀಲರ್ ಅಂಗಡ್ಯಾಗ ನನಗ ಡಯಾಫ್ರಾಮ್ ಕಿಟ್ ಇಲ್ಲ, ಪೂರಾ ಕಾರ್ಬೊರೇಟರ್ರ ತಗೋಬೇಕು ಅಂದ್ರು. ಇನ್ನೊಂದು ಕಡೆ "ಮಷಿನ್ ಇಲ್ಲಿಗೇ ತರ್ರಿ, ಬಿಡಿ ಪಾರ್ಟ್ ಹೊರಗ ಕೊಡೂದಿಲ್ಲ" ಅಂದ್ರು. ಅಡಕಿ ತೋಟಕ್ಕ ಬೋರ್ಡೋ ಹೊಡಿಯೂದು ಮಳಿ ಬಿಡುವು ಕೊಟ್ಟ ಎರಡು ದಿನದಾಗ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಿಸಿ ಇಟ್ಟಿರ್ತಾರ, ಆಳು ಬಂದು ಕುಂತಿರ್ತಾರ. ಪಂಪು ಹೊತ್ಕೊಂಡು ಹುಬ್ಬಳ್ಳಿಗೆ ಹೋಗಿ ವಾರ ಕಾಯ್ದ್ರ ಗೊನಿಗೆ ಕೊಳೆರೋಗ ಕಾಯ್ತೈತೇನು? ಕೇಂದ್ರ ಸರ್ಕಾರ 2022ರಾಗ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡ್ತು, ಅದರಾಗ ಕೃಷಿ ಉಪಕರಣನೂ ಸೇರಿಸಿದ್ರು. ಛಲೋ ಆತು. ನಮ್ಮಂಥ ಅಂಗಡಿಗೆ ಬೇಕಾಗಿದ್ದು ದೊಡ್ಡದೇನಲ್ಲ: ಪಾರ್ಟಿನ ಚಿತ್ರ, ನಂಬರು, ರೇಟು ಇರೋ ಒಂದು ಹಾಳಿ, ಮತ್ತ ಆ ನಂಬರ್ ಹೇಳಿದ ಯಾರಿಗಾದ್ರೂ ಕೌಂಟರಿನ್ಯಾಗ ಪಾರ್ಟ್ ಕೊಡೂದು. ಕೆಲವು ಕಂಪನಿಯವ್ರು ಚಿತ್ರ ಇಂಟರ್‌ನೆಟ್ಟಿನ್ಯಾಗ ಇಟ್ಟಾರ, ಅವರದ್ದು ರಿಪೇರಿ ಮಾಡಾಕ ನಮ್ಮನಿಯವ್ರಿಗೂ ಖುಷಿ.

ಮಂದಿಗೆ ಉಪದೇಶ ಹೇಳೂದಕ್ಕಿಂತ ನಮ್ಮ ಚೀಟಿ ನಾವು ಸರಿ ಬರೀಬೇಕಲ್ಲ? ಈ ವರ್ಷ ಮಳಿಗಾಲದಿಂದ ಪ್ರತಿ ರಿಪೇರಿ ಚೀಟಿ ಮ್ಯಾಲೆ ಪಾರ್ಟಿನ ಮುಂದ ಮೂರರಾಗ ಒಂದು ಮಾತು ಬರೀತೀನಿ: ಕಂಪನಿ, ಬ್ಯಾರೆ ಕಂಪನಿ, ಲೋಕಲ್. ತಗದ ಹಳೇ ಪಾರ್ಟು ಚೀಲದಾಗ ಹಾಕಿ ವಾಪಸ್ ಕೊಡ್ತೀವಿ. "ಇಷ್ಟೆಲ್ಲಾ ಬರಿಯಾಕ ಕುಂತ್ರ ಮಷಿನ್ ಬಿಚ್ಚೂದು ಯಾವಾಗ?" ಅಂತ ನಮ್ಮನಿಯವ್ರು ಗೊಣಗಿದ್ರು. ಬರಿಯಾಕಿ ನಾನು, ಅವ್ರಿಗೇನು ಕಷ್ಟ! ಮಂದಿ ಚೀಟಿ ಓದೂದಿಲ್ಲ ಅಂತಿದ್ರು, ಓದ್ತಾರ. ಹೋದ ವಾರ ಒಬ್ರು ಬೇರಿಂಗ್ ಮುಂದ ಲೋಕಲ್ ಅಂತ ಇದ್ದದ್ದು ನೋಡಿ "ಎರಡು ದಿನ ತಡ ಆಗ್ಲಿ, ಕಂಪನೀದ ತರಸ್ರಿ" ಅಂದ್ರು. ಅವತ್ತ ಸಂಜಿಕ ಬಂದ ಅಜ್ಜ ತನ್ನ ಪಂಪಿನ ಚೀಟಿ ಓದಿಸ್ಕೊಂಡು, "ಇದಕ್ಕೂ ವಯಸ್ಸಾತು, ನನಗೂ ವಯಸ್ಸಾತು. ಲೋಕಲ್ ಸಾಕ ತಂಗಿ, ಹಾಕಾಕ ಹೇಳು" ಅಂದ.