ಹಳೆಯ ಪಾಠಗಳ ಪುನರವಲೋಕನ

ಕೃಷ್ಣೆಯ ದಡದಲ್ಲಿ ಮೌನೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ತಿಂಥಣಿಯಂಥ ಗ್ರಾಮದಲ್ಲಿ ಬೆಳೆದು, ಪಿಯುಸಿ ವಿಜ್ಞಾನವನ್ನು ಮುಗಿಸಿ, ವೈದ್ಯಪದವಿಗೆ ಬೇಕಾದಷ್ಟು ಅಂಕಗಳು ಒದಗದೆಯೋ, ಬೇಗನೆ ದುಡಿಮೆಗೆ ನಿಲ್ಲಬೇಕಾದ ಮನೆಯ ಅಗತ್ಯದಿಂದಲೋ ಫಿಜಿಷಿಯನ್ ಅಸಿಸ್ಟೆಂಟ್ ವ್ಯಾಸಂಗಕ್ಕೆ ಹೊರಡುವ ತರುಣ ತರುಣಿಯರು, ಪ್ರವೇಶ ದೊರೆತೊಡನೆಯೇ ಅಂಗರಚನಾಶಾಸ್ತ್ರದ ದಪ್ಪ ಗ್ರಂಥವೊಂದನ್ನು ಕೊಂಡು ತಂದು ಮೂಳೆಗಳ ಹೆಸರುಗಳನ್ನು ಉರುಹೊಡೆಯತೊಡಗುವುದು ಉತ್ಸಾಹದ ದೃಷ್ಟಿಯಿಂದ ಶ್ಲಾಘ್ಯವಾದರೂ ವಿವೇಕದ ದೃಷ್ಟಿಯಿಂದ ಅಕಾಲಿಕವೆಂದೇ ನನ್ನ ಅಭಿಪ್ರಾಯ. ಮೂಳೆಗಳ ಹೆಸರನ್ನು ಕಾಲೇಜು ಕಲಿಸಿಯೇ ಕಲಿಸುತ್ತದೆ. ಆದರೆ ಅಭಿಸರಣೆಯನ್ನೂ ಆಮ್ಲ-ಪ್ರತ್ಯಾಮ್ಲಗಳನ್ನೂ ವಿದ್ಯಾರ್ಥಿ ಬಲ್ಲನೆಂದೇ ಭಾವಿಸಿ ಅಧ್ಯಾಪಕರು ಮುಂದೆ ಸಾಗಿಬಿಡುತ್ತಾರೆ.

ಪರೀಕ್ಷೆಗೆಂದು ಓದಿ ಮರೆತ ಆ ಪಾಠಗಳೇ ರೋಗಿಯ ಮಂಚದ ಬಳಿ ಮರಳಿ ಎದುರಾಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಯಲ್ಲಿ ನಾಗರಹಾವು ಕಚ್ಚಿದ ಕೂಲಿಯಾಳಿನ ರೆಪ್ಪೆಗಳು ಜೋತುಬಿದ್ದು ಉಸಿರು ಕುಂದತೊಡಗಿದರೆ, ವಿಷವು ನರ ಮತ್ತು ಸ್ನಾಯುಗಳ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ನಿನ ಸಂದೇಶವನ್ನು ತಡೆದಿದೆಯೆಂದು ನರವ್ಯೂಹದ ಪಾಠ ನೆನಪಿರುವವನಿಗೆ ತಾನಾಗಿ ಹೊಳೆಯುತ್ತದೆ. ಕಚ್ಚಿದ್ದು ಕೊಳಕುಮಂಡಲವಾದರೆ ಕೆಡುವುದು ರಕ್ತದ ಹೆಪ್ಪುಗಟ್ಟುವಿಕೆ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ಕೊಂಚ ರಕ್ತವನ್ನಿರಿಸಿ 20 ನಿಮಿಷ ಅಲುಗಿಸದೆ ಕಾಯುವ ಪರೀಕ್ಷೆಯ ಅರ್ಥ ಅಲ್ಲಿದೆ. ಸಲೈನಿನ ಲೀಟರೊಂದಕ್ಕೆ 9 ಗ್ರಾಂ ಉಪ್ಪೇ ಏಕೆ, ಬರಿಯ ಶುದ್ಧ ನೀರನ್ನು ರಕ್ತನಾಳಕ್ಕೆ ಹರಿಸಿದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುವುದೇಕೆ ಎಂಬುದಕ್ಕೆ ಉತ್ತರ ಅಭಿಸರಣೆಯಲ್ಲಿದೆ. ಸಕ್ಕರೆ ಕಾಯಿಲೆ ಮಿತಿಮೀರಿ ರಕ್ತ ಆಮ್ಲೀಯವಾದಾಗ, ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ಸಮತೋಲನವನ್ನು ಕಾಯಲೆಳಸುವ ದೇಹವು ದೀರ್ಘವಾಗಿ, ವೇಗವಾಗಿ ಉಸಿರಾಡುವುದನ್ನು ಉಬ್ಬಸವೆಂದು ಭ್ರಮಿಸುವವನು, ರಸಾಯನಶಾಸ್ತ್ರದಲ್ಲಿ ಎಷ್ಟೇ ಅಂಕ ಗಳಿಸಿದ್ದರೂ, ಆ ಶಾಸ್ತ್ರವನ್ನು ಕಲಿತಿಲ್ಲ.

ಈ ವೃತ್ತಿಯ ಮೂಲವೂ ಈ ಮಾತಿಗೆ ಒತ್ತಾಸೆಯಾಗಿದೆ. ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಡಾ. ಯೂಜೀನ್ ಸ್ಟೆಡ್ ಈ ಶಿಕ್ಷಣವನ್ನು ಆರಂಭಿಸಿದಾಗ ಸೇರಿದವರು ನೌಕಾದಳದಲ್ಲಿ ಗಾಯಾಳುಗಳ ಶುಶ್ರೂಷೆಯಲ್ಲಿ ಪಳಗಿದ್ದವರು. ಕೈಚಳಕವಿದ್ದ ಅವರನ್ನೂ ಮೊದಲು ತರಗತಿಯಲ್ಲಿ ಕುಳ್ಳಿರಿಸಿ ವಿಜ್ಞಾನವನ್ನು ಬೋಧಿಸಲಾಯಿತು. 1967ರಲ್ಲಿ ಮೊದಲ ಮೂವರು ಉತ್ತೀರ್ಣರಾದರು. ನಮ್ಮಲ್ಲಿ 2021ರ ಕೇಂದ್ರ ಅಧಿನಿಯಮವು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಪಟ್ಟಿಗೆ ಸೇರುವುದು ಸುಲಭ. ಯೋಗ್ಯತೆಯ ಮಾತು ಬೇರೆ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದ ನಮ್ಮ ಸೀಮೆಯ ಮಕ್ಕಳಿಗೆ ಆ ಎರಡು ವರ್ಷಗಳು ವಿಷಯಕ್ಕಿಂತ ಭಾಷೆಯೊಡನೆ ಹೆಣಗುವುದರಲ್ಲೇ ಕಳೆದುಹೋಗಿರುತ್ತವೆ. ಇದನ್ನು ಅವರ ಮಂದಬುದ್ಧಿಯೆಂದೆಣಿಸುವ ಪಟ್ಟಣದ ಪಂಡಿತರ ಬಗೆಗೆ ನನಗೆ ಗೌರವವಿಲ್ಲ. ಆದುದರಿಂದ, ಪ್ರವೇಶ ಪಡೆದ ಮಕ್ಕಳೇ, ಅಟ್ಟದ ಮೇಲಿರುವ ಒಂಬತ್ತು, ಹತ್ತನೆಯ ತರಗತಿಗಳ ಕನ್ನಡ ವಿಜ್ಞಾನ ಪುಸ್ತಕಗಳನ್ನು ಮೊದಲು ಕೆಳಗಿಳಿಸಿರಿ. ಜೀವಕೋಶ, ಆಮ್ಲಗಳು, ನರವ್ಯೂಹ, ರಕ್ತ ಪರಿಚಲನೆ ಇಷ್ಟನ್ನು ಅರ್ಥವಾಗುವವರೆಗೆ ಓದಿ, ಆಮೇಲೆ ಪಿಯುಸಿಯ ಅದೇ ಅಧ್ಯಾಯಗಳಿಗೆ ಹೋಗಿರಿ. ಕಾಲೇಜುಗಳವರೂ ಮೊದಲ ಎರಡು ವಾರಗಳನ್ನು ಈ ಪುನರವಲೋಕನಕ್ಕೆಂದೇ ಮೀಸಲಿಡಲಿ.