ಬಳ್ಳಾರಿ ಎಷ್ಟು ದೂರ?



ಕುರುಗೋಡಿನಿಂದ ಬಳ್ಳಾರಿ ಎಷ್ಟು ದೂರ ಎಂದು ನಮ್ಮೂರ ಗಂಡಸರನ್ನು ಕೇಳಿ ನೋಡಿ. "ಇಲ್ಲೇ ಐತಲ್ಲ, 28 ಕಿಲೋಮೀಟರು" ಎಂದುಬಿಡುತ್ತಾರೆ. ಗೊಬ್ಬರಕ್ಕೆ, ಬ್ಯಾಂಕಿಗೆ, ಸಿನಿಮಾಕ್ಕೆ ಎಂದು ಅವರು ಹೋಗಿ ಬಂದದ್ದೇ ಬಂದದ್ದು. ನಮಗೋ? ಆಸ್ಪತ್ರೆ ಒಂದು, ಮದುವೆ ಸೀರೆ ಒಂದು. ಇವೆರಡು ಬಿಟ್ಟರೆ ಬಳ್ಳಾರಿ ಪರದೇಶವೇ ಸರಿ.

ನಮ್ಮೂರೇನೂ ಕಡಿಮೆಯದಲ್ಲ. 12ನೇ ಶತಮಾನದಲ್ಲಿ ಸಿಂದರು ಇಲ್ಲಿಂದಲೇ ಆಳಿದರು. ದೊಡ್ಡಬಸವೇಶ್ವರನ ತೇರಿಗೆ ಸುತ್ತಿನ ಹಳ್ಳಿಗಳೆಲ್ಲ ಸೇರುತ್ತವೆ. ಈಗ ತಾಲ್ಲೂಕು ಕೇಂದ್ರವೂ ಆಗಿದೆ. ಆದರೂ ಮಕ್ಕಳು ದೊಡ್ಡ ಓದು ಓದಬೇಕೆಂದರೆ ಬಳ್ಳಾರಿ ದಾರಿಯನ್ನೇ ಹಿಡಿಯಬೇಕು. ಮೆಡಿಕಲ್ ಕಾಲೇಜು, 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಎಲ್ಲ ಇರುವುದು ಅಲ್ಲೇ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಫಸ್ಟ್ ಕ್ಲಾಸು ಬಂದಿತ್ತು. ಬಳ್ಳಾರಿಗೆ ಹೋಗಿ ಸೈನ್ಸ್ ಓದುತ್ತೇನೆ ಎಂದೆ. "ದಿನಾ ಬಸ್ಸಿಗೆ ರೊಕ್ಕ ಎಲ್ಲಿಂದ ತರ್ಲಮ್ಮಾ?" ಎಂದರು ಅಪ್ಪ. ಅಲ್ಲಿಗೆ ನನ್ನ ಓದು ಮುಗಿಯಿತು. ಅದು ರೊಕ್ಕದ ಮಾತೇ ಎಂದು ಬಹಳ ವರ್ಷ ನಂಬಿದ್ದೆ.

ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದಳು. ಪಿಯುಸಿ ಪಾಸಾದ ಮಗಳನ್ನು ಮುಂದೆ ಓದಿಸುವುದಿಲ್ಲವಂತೆ. "ಅಲ್ಲವೇ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಐತಲ್ಲ!" ಎಂದೆ. "ಪುಕ್ಕಟೆ ಇದ್ರೇನಕ್ಕಾ, ಕತ್ಲಾದ ಮೇಲೆ ಮನೆಗೆ ಬಂದ್ರೆ ಮಂದಿ ಏನಂತಾರೆ?" ಎಂದಳು. ಅಪ್ಪನ ಮನಸ್ಸಿನಲ್ಲಿದ್ದದ್ದೂ ಇದೇ ಇರಬೇಕು ಎಂದು ನನಗೆ ಆಗ ಹೊಳೆಯಿತು. ಟಿಕೆಟ್ಟು ಸರ್ಕಾರ ಕೊಟ್ಟೀತು. ಧೈರ್ಯ ಮನೆಯವರೇ ಕೊಡಬೇಕು.

ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮಗಿಂತ ದೂರದ ಸಿರುಗುಪ್ಪದ ಅಕ್ಕತಂಗಿಯರಿಗೂ ಈ ಮಾತು ಸಲ್ಲುತ್ತದೆ. ಮೊದಲ ಎಂಟು ದಿನ ಮಗಳ ಜೊತೆ ನೀವೇ ಹೋಗಿಬನ್ನಿ. ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಿಮಗೂ ದುಡ್ಡಿಲ್ಲ. ಆಧಾರ್ ಕಾರ್ಡು ಮಾತ್ರ ಮರೆಯಬೇಡಿ. ಸಂಜೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆದು ಗೋಡೆಗೆ ಅಂಟಿಸಿ. ಅದೇ ಬಸ್ಸಿಗೆ ಬರುವ ಹುಡುಗಿಯರ ತಾಯಂದಿರ ಪರಿಚಯ ಮಾಡಿಕೊಳ್ಳಿ, ಫೋನ್ ನಂಬರು ಇಟ್ಟುಕೊಳ್ಳಿ. ನಾಲ್ಕು ಹುಡುಗಿಯರು ಕೂಡಿ ಬಂದರೆ ಮಂದಿಯ ಬಾಯಿ ತಾನೇ ಮುಚ್ಚುತ್ತದೆ. ಡಬ್ಬಿಗೆ ಜೋಳದ ರೊಟ್ಟಿ ಕಟ್ಟುವಾಗ ಬಿಸಿ ಇದ್ದಾಗಲೇ ಎಣ್ಣೆ ಸವರಿ, ಶೇಂಗಾ ಪುಡಿ ಉದುರಿಸಿ ಮಡಿಚಿ, ಬಟ್ಟೆಯಲ್ಲಿ ಸುತ್ತಿಡಿ, ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ.

ಸೋಮವಾರ ತಾಯಿ ಮಗಳು ಇಬ್ಬರೂ ಹೋಗಿ ಬಂದರು. ಸಂಜೆ ಆಕೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು: "ಅಕ್ಕಾ, ಬಳ್ಳಾರಿ ಇಷ್ಟು ಸಮೀಪ ಐತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡು!"

ನಿಮ್ಮೂರಿನಿಂದ ಪೇಟೆ ಎಷ್ಟು ದೂರ? ನಿಮ್ಮ ಮಗಳನ್ನು ಕೇಳಿ, ನನಗೂ ಬರೆಯಿರಿ.